ಭಾನುವಾರದ ಮಾತ್ರೆ

ಅಡುಗೆಮನೆಯ ಕಪಾಟು ಒರೆಸುವಾಗ ಹಳೆಯ ಸ್ಟೀಲ್ ಡಬ್ಬಿಯೊಂದು ಸಿಕ್ಕಿತು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು, ಬಿಗಿ ಮುಚ್ಚಳದ್ದು. ತೆರೆದರೆ ಹುರಿದ ಕಾಫಿಯ ವಾಸನೆ. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ, ಇಲ್ಲ ನಾನೇ ಸೇರಿಸಿಕೊಂಡೆನೇ... ಇಲ್ಲಿ ಬರೆಯುವ ಕೆಲವು ವಿವರಗಳೂ ತಪ್ಪಿರಬಹುದು. ಮುಖ್ಯವಾಗಿ ಒಂದು ಲೋಟ ನೀರಿನ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಡಬ್ಬಿ ಕೊಟ್ಟವರು ಮೂರ್ನಾಡಿನ ಕಾಫಿಪುಡಿ ಅಂಗಡಿಯವರು. ಗಂಡ ತೀರಿಕೊಂಡ ಮೇಲೆ ನನಗೂ ಎಚ್‌ಐವಿ ಇರುವುದು ಗೊತ್ತಾಗಿ, ಚಿಕ್ಕಮ್ಮನ ಮನೆಗೆ ಬಂದು ಸೇರಿದ್ದೆ. ವಿಷಯ ಗೊತ್ತಿದ್ದದ್ದು ಚಿಕ್ಕಮ್ಮನಿಗೆ ಮಾತ್ರ. ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆ. ಮೂರ್ನಾಡಿನ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ಸಂಜೆ ಐದೂವರೆಯ ಬಸ್ಸಿಗೆ ಕಾಯುತ್ತಿದ್ದದ್ದು ಆ ಅಂಗಡಿಯ ಜಗಲಿಯಲ್ಲಿ.

ತಿಂಗಳಿಗೊಮ್ಮೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಾತ್ರೆಯ ಬಾಟಲಿ ತರುತ್ತಿದ್ದೆ. ದಿನಕ್ಕೊಂದು, ಅದೇ ಹೊತ್ತಿಗೆ, ಒಂದು ದಿನವೂ ಬಿಡುವಂತಿಲ್ಲ. ಆದರೆ ನಡೆದರೆ ಸಾಕು, ಚೀಲದೊಳಗೆ ಬಾಟಲಿ ಗಲಗಲ ಎನ್ನುತ್ತಿತ್ತು. ಬಸ್ಸಿನವರೆಲ್ಲ ನನ್ನನ್ನೇ ನೋಡಿದಂತಾಗುತ್ತಿತ್ತು. ಹಾಗಾಗಿ ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಪರ್ಸಿನಲ್ಲಿಟ್ಟುಕೊಂಡೆ. ಆಗ ಜುಲೈ. ಬಟ್ಟೆ, ಉಪ್ಪು, ಬೆಂಕಿಪೆಟ್ಟಿಗೆ ಎಲ್ಲವೂ ತೇವ ಹಿಡಿಯುವ ಕಾಲ. ಮಾತ್ರೆಗಳೂ ಮೆತ್ತಗಾಗಿ ಉದುರತೊಡಗಿದವು. ಕೆಟ್ಟವನ್ನು ಬಚ್ಚಲ ಒಲೆಗೆ ಎಸೆದೆ. ಬೇರೆ ಕೇಳಲು ನಾಚಿಕೆಯಾಯಿತು. ಎರಡು ದಿನ ಬಿಟ್ಟೆ, ಆಮೇಲೆ ನಾಲ್ಕು ದಿನ... ಹೀಗೆ ಬಿಟ್ಟರೆ ಔಷಧಿ ಕೆಲಸ ಮಾಡುವುದನ್ನೇ ನಿಲ್ಲಿಸಬಹುದು ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ಹೇಳಿದ್ದು ಗೊತ್ತಿದ್ದೂ ಬಿಟ್ಟೆ.

ಒಂದು ಸಂಜೆ ಅಂಗಡಿಯಲ್ಲಿ ಚಿಲ್ಲರೆ ತೆಗೆಯುವಾಗ ಪೊಟ್ಟಣ ಬಿಚ್ಚಿ ಮಾತ್ರೆಗಳು ನೆಲಕ್ಕೆ ಬಿದ್ದವು. ಅಂಗಡಿಯವರು ಮೆಷಿನ್ ನಿಲ್ಲಿಸಿ ಬಂದು ಕೂತು ಹೆಕ್ಕಿದರು. ಒಂದನ್ನು ಬೆರಳಲ್ಲಿ ಒತ್ತಿ ನೋಡಿದರು.

"ದಿನಾ ಪುಸ್ತಕದ ಮಧ್ಯೆ ಇರ್ತೀರಿ, ಇಷ್ಟು ಗೊತ್ತಿಲ್ವಾ ಮೇಡಂ? ಈ ಮಳೇಲಿ ಕಾಗದದಲ್ಲಿ ಕಟ್ಟಿದ್ರೆ ನನ್ನ ಪುಡೀನೇ ಉಳಿಯಲ್ಲ. ನಾಳೆ ಮಡಿಕೇರಿಗೆ ಹೋಗಿ, ಒದ್ದೆಯಾಯ್ತು ಅಂತ ಹೇಳಿ. ನಿಮ್ಮನ್ನೇನು ತಿಂದುಬಿಡ್ತಾರಾ?"

ಅವರು ಮಡಿಕೇರಿ ಎಂದೇ ಏಕೆ ಅಂದರು? ಮಾತ್ರೆಗೆ ಮೂರ್ನಾಡಿನಲ್ಲೇ ಮೆಡಿಕಲ್ ಶಾಪ್ ಇರಲಿಲ್ಲವೇ... ಆಗ ನನಗೆ ಹೊಳೆಯಲಿಲ್ಲ.

ಹೋದೆ, ಬಿಟ್ಟ ದಿನಗಳನ್ನೂ ಹೇಳಿದೆ. ಸಮಾಲೋಚಕಿ ಬೈಯಲಿಲ್ಲ. ಹೊಸ ಬಾಟಲಿ ಬಂತು. ಅಂಗಡಿಯವರು ಅದನ್ನು ಬಾಟಲಿ ಸಮೇತ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಒಳಗಿನ ಶೆಲ್ಫಿಗೆ ಏರಿಸಿದರು. ಅಂದಿನಿಂದ ಐದೂಕಾಲಿಗೆ ಆ ಡಬ್ಬ ಕೌಂಟರಿಗೆ ಇಳಿಯುತ್ತಿತ್ತು, ಪಕ್ಕದಲ್ಲಿ ಒಂದು ಲೋಟ ನೀರು. ನಾನು ನುಂಗುವಾಗ ಅವರು ಬೆನ್ನು ತಿರುಗಿಸಿ ಬೀಜ ಅಳೆಯುತ್ತಿದ್ದರು. ಕಾಯಿಲೆಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ಭಾನುವಾರ ಅಂಗಡಿ ಇಲ್ಲವೆಂದು ಶನಿವಾರವೇ ಈ ಸಣ್ಣ ಡಬ್ಬಿಯಲ್ಲಿ ಒಂದು ಮಾತ್ರೆ ಒಯ್ಯುತ್ತಿದ್ದೆ. ಸೋಮವಾರ ಖಾಲಿ ಡಬ್ಬಿ ತೋರಿಸಬೇಕು.

"ತೋರಿಸಿ. ನಿಮ್ಮ ಬಾಯಿಮಾತು ಬೇಡ," ಎಂದು ನಗುತ್ತಿದ್ದರು.

ಒಮ್ಮೆ ಜ್ವರ ಬಂದು ಮಲಗಿದೆ. ಮೊದಲ ಸಂಜೆಯೇ ಅವರು ಸ್ಕೂಟರಿನಲ್ಲಿ ಬಂದು, ಯಾರೂ ಕೇಳದ ಅರ್ಧ ಕಿಲೋ ಕಾಫಿಪುಡಿ ಕೊಟ್ಟು ಹೋದರು. ಚೀಲದ ಅಡಿಯಲ್ಲಿ ನನ್ನ ಬಾಟಲಿ ಇತ್ತು. ಚಿಕ್ಕಮ್ಮ ಆ ಚೀಲವನ್ನು ಅಡುಗೆಮನೆಗೆ ಒಯ್ಯಲಿಲ್ಲ. ನೇರ ನನ್ನ ಮಂಚದ ಬಳಿ ತಂದಿಟ್ಟರು.

ಅಂಗಡಿಯವರು ತೀರಿಕೊಂಡು ಎರಡು ವರ್ಷವಾಯಿತು. ಆ ಅಂಗಡಿಯಲ್ಲಿ ಈಗ ಪ್ರವಾಸಿಗರಿಗೆ ಚಾಕಲೇಟ್ ಮಾರುತ್ತಾರೆ. ನನ್ನ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆ ಇದೆ ಎಂಬ ವರದಿ ಪ್ರತಿಸಲವೂ ಬರುತ್ತದೆ. ಅದನ್ನು ಅವರಿಗೆ ಒಮ್ಮೆಯೂ ತೋರಿಸಲಿಲ್ಲ. ಥ್ಯಾಂಕ್ಸ್ ಕೂಡ ಹೇಳಲಿಲ್ಲ, ಹೇಳಿದರೆ ಏತಕ್ಕೆ ಎಂದೂ ಹೇಳಬೇಕಿತ್ತಲ್ಲ...

ಈಗ ಆ ಲೋಟದ ವಿಷಯ. ಮಾತ್ರೆ ಬಿದ್ದ ಸಂಜೆಯನ್ನು ನೆನೆದಾಗಲೆಲ್ಲ, ಕೌಂಟರಿನ ಮೇಲೆ ನೀರಿನ ಲೋಟ ಆಗಲೇ ಇದ್ದಂತೆ ಕಾಣುತ್ತದೆ. ಬೇರೆ ದಿನದ ಲೋಟವನ್ನು ಅಲ್ಲಿಗೆ ತಂದಿಟ್ಟೆನೋ ಏನೋ. ಬಚ್ಚಲ ಒಲೆಯ ಬೂದಿ ತೆಗೆಯುತ್ತಿದ್ದದ್ದು ಚಿಕ್ಕಮ್ಮ, ನಾನು ಎಸೆದ ಮಾತ್ರೆ ಅವರಿಗೆ ಕಂಡಿರಬಹುದು. ಮನೆಗೆ ಪುಡಿ ತರಲು ಆ ಅಂಗಡಿಗೆ ಹೋಗುತ್ತಿದ್ದದ್ದೂ ಅವರೇ. ಹೇಳಿದ್ದರೆ ನನಗೆ ಸಿಟ್ಟಿಲ್ಲ. ಯಾರಿಂದ ಬದುಕಿದೆ ಎಂದು ಸರಿಯಾಗಿ ತಿಳಿಯಬೇಕು, ಅಷ್ಟೇ.

ಡಬ್ಬಿ ಹಿಡಿದು, ಕಾಫಿ ಕಾಯಿಸುತ್ತಿದ್ದ ಚಿಕ್ಕಮ್ಮನ ಪಕ್ಕ ನಿಂತೆ. "ಚಿಕ್ಕಮ್ಮಾ, ಅವತ್ತು ಮಾತ್ರೆ ಬೀಳೋ ಮೊದಲೇ ಅಂಗಡಿಯವರಿಗೆ ಗೊತ್ತಿತ್ತಾ? ನೀವೇ ಹೇಳಿದ್ರಾ?"

ಅವರು ಒಲೆಯ ಉರಿ ಸಣ್ಣ ಮಾಡಿ, ಕಾಫಿಗೆ ಬೆಲ್ಲ ಇಷ್ಟು ಸಾಕಾ ಎಂದು ಕೇಳಿದರು.