ಹೆಸರು ಕೆತ್ತಿದ ಕೋಲಿಗೆ ಅರ್ಧ ಬೆಲೆ

"ನಮ್ಮ ಎಂಜಲು ಕೋಲು ಉಜ್ಜಿ ಹೊಟ್ಟೆ ಹೊರೆಯೋನು ನೀನು. ದಾನಕ್ಕೆ ಕೊಟ್ಟ ಆಕಳ ಹಲ್ಲು ಎಣಿಸು ಅಂತ ನಿನಗೆ ಹೇಳಿದ್ದು ಯಾರು?"

ಸೋಮವಾರ, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಗಾಲ್ಫ್ ಮೈದಾನದ ಹಿಂಬದಿಯಲ್ಲಿ, ಚೀಲಗಳನ್ನಿಡುವ ಕೋಣೆಯ ಬಾಗಿಲಲ್ಲಿ ನಿಂತು ಕ್ಲಬ್ಬಿನ ಹಳೆಯ ಸದಸ್ಯರಾದ ಗುತ್ತಿಗೆದಾರರೊಬ್ಬರು ಹೀಗೆ ಕೇಳುವಾಗ ಸುತ್ತ ಹದಿನೈದು ಮಂದಿ ಕ್ಯಾಡಿಗಳಿದ್ದಾರೆ, ಆಟಕ್ಕೆ ಬಂದ ನಾಲ್ವರು ಸದಸ್ಯರಿದ್ದಾರೆ. ಹುಲ್ಲು ಕತ್ತರಿಸುವವನು ಯಂತ್ರ ನಿಲ್ಲಿಸಿ ಕಿವಿ ಇತ್ತ ತಿರುಗಿಸಿದ್ದಾನೆ. ಬೈಸಿಕೊಳ್ಳುತ್ತಿರುವವನ ಕೈಯಲ್ಲಿ ಒಂದು ಗಾಲ್ಫ್ ಕೋಲು, ಅದರ ತುದಿಗೆ ಅರ್ಧ ಏರಿಸಿದ ಹೊಸ ರಬ್ಬರ್ ಹಿಡಿ. ಹಿಡಿಯನ್ನು ಒಂದೇ ಉಸಿರಿಗೆ ತಳ್ಳಬೇಕು. ಒಳಗೆ ಸುರಿದ ತಿನ್ನರ್ ಆರಿತೋ, ನಡುದಾರಿಯಲ್ಲೇ ಕಚ್ಚಿಕೊಳ್ಳುತ್ತದೆ, ಆಮೇಲೆ ಕೊಯ್ದು ಬಿಸಾಡುವುದೇ ಗತಿ. ಆತ ತಳ್ಳುತ್ತಾನೆ. ನೆಟ್ಟಗೆ ಕೂತಿತೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ತಲೆ ಎತ್ತುವುದು ಆಮೇಲೆ.

"ಚೀಟೀಲಿ ಬರ್ದಿದೀನಲ್ಲ ಸಾರ್," ಅನ್ನುತ್ತಾನೆ. ಅಷ್ಟೇ.

ಬರೆದದ್ದೇ ತಂದಿಟ್ಟ ತಂಟೆ. ಆ ಚೀಟಿಯನ್ನು ಹಿಂದಿನ ಸಂಜೆ ಯಾರೋ ಕ್ಯಾಡಿ ಗಟ್ಟಿಯಾಗಿ ಓದಿದ್ದಾನೆ, ಮೈದಾನವಿಡೀ ನಕ್ಕಿದೆ. ಅದರಲ್ಲಿರುವುದು ಇಷ್ಟು: ಒಂದು ಸೆಟ್. ಬೆಲೆ ಮೂರು ಸಾವಿರದ ಇನ್ನೂರು. ಕಾರಣ: ಕೋಲೆಲ್ಲ ಒಂದೂವರೆ ಇಂಚು ಕತ್ತರಿಸಿದೆ. ಏಳನೇ ನಂಬರಿನದು ಬೇರೆ ಸೆಟ್ಟಿನದು. ಎಲ್ಲದರ ಮೇಲೂ ಯಜಮಾನರ ಹೆಸರು ಕೆತ್ತಿದೆ, ಅದಕ್ಕೆ ಅರ್ಧ ಬೆಲೆ.

ಚೀಟಿ ಬರೆದವನಿಗೆ ಐವತ್ತೊಂದು ವರ್ಷ. ಕ್ಯಾಡಿಗಳು, ಅಂದರೆ ಆಡುವವರ ಚೀಲ ಹೊತ್ತು ಹಿಂದೆ ನಡೆಯುವವರು, ಅವನನ್ನು ಟಣ್ ಮಾಮ ಅನ್ನುತ್ತಾರೆ. ಯಾವ ಕೋಲು ಕೈಗೆ ಬಂದರೂ ಮೊದಲು ಉಗುರಿನಿಂದ ಬಡಿದು ಕಿವಿಗೆ ಹಿಡಿಯುತ್ತಾನೆ. ಟಣ್ ಎಂದರೆ ಸರಿ. ಟಪ್ ಎಂದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕು, ಮೇಲೆ ಎಷ್ಟು ಬಣ್ಣ ಬಳಿದಿದ್ದರೂ. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ ಎರಡೇ: ಸವೆದ ಹಿಡಿ ಬದಲಿಸುವುದು, ಹಳೆಯ ಕೋಲಿಗೆ ಬೆಲೆ ಹೇಳುವುದು. ದಿನಕ್ಕೆ ಹನ್ನೊಂದು ಹನ್ನೆರಡು ಹಿಡಿ, ವಾರಕ್ಕೆ ಮೂವತ್ತು ನಲವತ್ತು ಕೋಲಿಗೆ ಬೆಲೆ. ತಿನ್ನರ್ ತಿಂದು ಬೆರಳ ತುದಿಯ ಚರ್ಮ ಒಣಗಿದ ಕೆರೆಯಂತೆ ಬಿರಿದಿದೆ. ಸಂಬಳವೆಂಬುದಿಲ್ಲ, ಮಾಡಿದ ಹಿಡಿಗೆ ಇಷ್ಟು ಎಂದು ಕೂಲಿ. ಒಂದು ಮರದ ಮೇಜು, ಅದಕ್ಕೆ ಬಿಗಿದ, ಕೋಲು ಕಚ್ಚಿ ಹಿಡಿಯುವ ಒಂದು ಕಬ್ಬಿಣದ ಹಿಡಿಕಟ್ಟು, ಒಂದು ಬಲ್ಬು. ಅದೂ ಕ್ಲಬ್ಬಿನವರ ಬಾಯಿಮಾತಿನ ಮೇಲೆ ಸಿಕ್ಕಿದ್ದು, ಕಾಗದವಿಲ್ಲ, ಪತ್ರವಿಲ್ಲ. ಎದ್ದು ಹೋಗು ಅಂದರೆ ಎದ್ದು ಹೋಗಬೇಕು.

ಶಾಲೆಯ ಮೆಟ್ಟಿಲು ಹತ್ತದೆ, ಹತ್ತನೇ ವಯಸ್ಸಿಗೆ ಚೆಂಡು ಹೆಕ್ಕಲು ಬಂದವನು. ಅಕ್ಷರಕ್ಕಿಂತ ಮೊದಲು ಕಲಿತದ್ದು ಕೋಲಿನ ಬುಡದಲ್ಲಿ ಅಚ್ಚಾದ ಮೂರರಿಂದ ಒಂಬತ್ತರವರೆಗಿನ ಅಂಕಿ. ಉಳಿದುದನ್ನೆಲ್ಲ ಕೋಲೇ ಕಲಿಸಿತು. ಕೇಳಿದರೆ ಕೂತು ಹೇಳುವುದಿಲ್ಲ, ಅವನಿಗೆ ಕೂತು ಗೊತ್ತಿಲ್ಲ. ಮೇಜಿನಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ಓಡಾಡುತ್ತ ಒಂದೊಂದೇ ಕೋಲು ಎಳೆದು ತೋರಿಸುತ್ತಾನೆ.

"ಕೋಲು ಯಜಮಾನನ ಚಾಡಿ ಹೇಳತ್ತೆ. ಇಲ್ನೋಡಿ, ನಾಣ್ಯದಷ್ಟೇ ಜಾಗ ಸವೆದಿದೆ. ಇವ್ರು ಆಟ ಬಲ್ಲೋರು. ಇದು ಮುಖ ತುಂಬ ಗೀಚಿದೆ. ಇವ್ರು ಬರೀ ಮಾತು ಬಲ್ಲೋರು. ಇದರ ತಳ ಕನ್ನಡಿ ಥರ ಹೊಳೀತಿದೆ, ಹುಲ್ಲಿಗೆ ಇಳ್ದೇ ಇಲ್ಲ, ಪ್ರಾಕ್ಟೀಸ್ ಚಾಪೆ ಮೇಲೇ ಹೊಡ್ಕೊಂಡು ಕಾಲ ಹಾಕಿದಾರೆ."

ಹೊಸ ಕೋಲು ಅಂಗಡಿಯ ಹೊಸ್ತಿಲು ದಾಟಿದ ಗಳಿಗೆಯಲ್ಲೇ ಮೂರರಲ್ಲೊಂದು ಪಾಲು ಮಣ್ಣುಪಾಲು. ಮರುವರ್ಷ ಹೊಸ ಮಾದರಿ ಬಂತೋ, ಇನ್ನೊಂದು ಪಾಲು ಹೋಯಿತು. ಚೆಂಡನ್ನು ಗುಂಡಿಗೆ ತಳ್ಳುವ ಕೋಲು ಮಾತ್ರ ಮನೆಯ ಅಜ್ಜಿಯಿದ್ದ ಹಾಗೆ, ವಯಸ್ಸಾದರೂ ಮರ್ಯಾದೆ ಇಳಿಯುವುದಿಲ್ಲ. ಉದ್ದ ಇಳಿಸಿದ ಕೋಲಿಗೆ ಗಿರಾಕಿಯೇ ಇಲ್ಲ, ಕತ್ತರಿಸಿದ ಉಕ್ಕು ಮತ್ತೆ ಬೆಳೆಯುತ್ತದೆಯೇ? ಇನ್ನು ಹೆಸರು ಕೆತ್ತಿಸಿದ್ದು. ಕೆತ್ತಿಸಿದವರು ಬೆಲೆ ಏರಿತು ಎಂದುಕೊಂಡಿರುತ್ತಾರೆ. ದುಡ್ಡು ಕೊಟ್ಟು ಕೊಳ್ಳುವವನು ಇನ್ನೊಬ್ಬರ ಹೆಸರನ್ನು ಯಾಕೆ ಹೊತ್ತು ತಿರುಗಬೇಕು?

ಗುತ್ತಿಗೆದಾರರ ಸೆಟ್ಟು ಕೊಳ್ಳುವಾಗ ಲಕ್ಷ ಮೀರಿದ್ದು ನಿಜ. ಮಗ ಹದಿಮೂರರವನಿದ್ದಾಗ ಅವನ ಎತ್ತರಕ್ಕೆ ಕತ್ತರಿಸಿಕೊಟ್ಟವನು ಟಣ್ ಮಾಮನೇ. ಕತ್ತರಿಸಬೇಡಿ ಸಾರ್, ಆಮೇಲೆ ಮೂರು ಕಾಸಿಗೂ ಹೋಗಲ್ಲ ಎಂದು ಅಂದೇ ಹೇಳಿದ್ದ. ಯಾರು ಕೇಳಬೇಕು. ಮಗ ಎರಡು ತಿಂಗಳು ಆಡಿ ಈಜಾಟಕ್ಕೆ ಹೊರಳಿದ. ಸೆಟ್ಟು ಏಳು ವರ್ಷ ಕಾರಿನ ಹಿಂಬದಿಯಲ್ಲಿ ಬಿದ್ದಿತ್ತು. ಈಗ ಅದನ್ನು ಉದ್ದಣ್ಣನಿಗೆ ದಾನ ಮಾಡಿದ್ದಾರೆ. ಉದ್ದಣ್ಣ ಅವರ ಚೀಲವನ್ನು ಇಪ್ಪತ್ತು ವರ್ಷ ಹೊತ್ತ ಕ್ಯಾಡಿ, ಆರಡಿ ಮೇಲೆ ಎರಡಿಂಚು. ಆ ಕೋಲು ಹಿಡಿದರೆ ನೆಲ ಗುಡಿಸುವವನ ಹಾಗೆ ಕಾಣುತ್ತಾನೆ.

ಇಲ್ಲಿನ ನಿಯಮ ಸರಳ. ಕ್ಯಾಡಿ ಕೆಲಸ ಬಿಡುವಾಗ, ಯಾರ ಚೀಲ ಹೊತ್ತನೋ ಅವರು ವರ್ಷಕ್ಕೆ ಎರಡು ಸಾವಿರದಂತೆ ಕೊಡಬೇಕು. ನಗದು ಕೊಡಬಹುದು, ಸಾಮಾನು ಕೊಡಬಹುದು. ಸಾಮಾನಾದರೆ ಅದರ ಬೆಲೆ ಟಣ್ ಮಾಮನ ಚೀಟಿಯಲ್ಲಿದ್ದಷ್ಟು, ಕಾರಣ ಸಮೇತ. ಜಗಳ ತಪ್ಪಲೆಂದು ಎರಡು ವರ್ಷದ ಹಿಂದೆ ಸದಸ್ಯರೇ ಮಾಡಿಕೊಂಡ ನಿಯಮ. ಚೀಟಿಯನ್ನು ಆಫೀಸಿನ ಗುಮಾಸ್ತ ಬರೆದರೆ ಬಾಯಲ್ಲಿ ಹೇಳಿದ್ದೊಂದು, ಹಾಳೆಗೆ ಬಿದ್ದದ್ದೊಂದು ಆದೀತೆಂದು, ನಲವತ್ತೊಂಬತ್ತನೇ ವಯಸ್ಸಿಗೆ ಮಗಳ ಮುಂದೆ ಸ್ಲೇಟು ಹಿಡಿದು ಕೂತು ಬರೆಯಲು ಕಲಿತವನು ಟಣ್ ಮಾಮ. ಗುತ್ತಿಗೆದಾರರ ಲೆಕ್ಕದಲ್ಲಿ ಸೆಟ್ಟಿಗೆ ನಲವತ್ತು ಸಾವಿರ, ಋಣ ಹರಿಯಿತು. ಚೀಟಿಯ ಪ್ರಕಾರ ಇನ್ನೂ ಮೂವತ್ತಾರು ಸಾವಿರದ ಎಂಟುನೂರು ಬಾಕಿ. ಉದ್ದಣ್ಣನ ಮೊಣಕಾಲು ಕೈಕೊಟ್ಟಿದೆ, ಕೂತು ಮಾಡುವ ಕೆಲಸ ಬೇಕು. ಪೇಟೆಯಲ್ಲಿ ಬೀಗದ ಕೈ ಕೊರೆಯುವವನೊಬ್ಬ ತನ್ನ ಯಂತ್ರ ಮಾರುತ್ತಿದ್ದಾನೆ, ಶನಿವಾರದ ತನಕ ಕಾಯುತ್ತೇನೆ ಅಂದಿದ್ದಾನೆ.

ಮಂಗಳವಾರ ಟಣ್ ಮಾಮ ಹತ್ತೊಂಬತ್ತು ಹಿಡಿ ಬದಲಿಸುತ್ತಾನೆ. ಯಾರೂ ಕೇಳದ ಕೋಲುಗಳಿಗೂ. ಮೂರು ಸಲ ಗೇಟಿನವರೆಗೆ ಹೋಗಿ ಸುಮ್ಮನೆ ವಾಪಸ್ ಬರುತ್ತಾನೆ. ಮನೆಯಲ್ಲಿ ಹೆಂಡತಿ ಹರಿದ ಗಾಲ್ಫ್ ಚೀಲಗಳಿಗೆ ಜಿಪ್ಪು ಹೊಲಿಯುತ್ತ, ಹೊಲಿಗೆ ಯಂತ್ರ ನಿಲ್ಲಿಸದೆ, ಬಾಯಿಯನ್ನೂ ನಿಲ್ಲಿಸದೆ ಹೇಳುತ್ತಾಳೆ: "ಜೀವಮಾನ ಎಲ್ಲ ನಿಮ್ಮ ಬಾಯಿ ಸುಮ್ನಿತ್ತು, ನಾವು ಬದುಕಿದ್ವಿ. ಮಗಳು ಅಕ್ಷರ ಕಲಿಸಿದ್ದೇ ತಪ್ಪಾಯ್ತು ನೋಡಿ." ಆಮೇಲೆ, ಆ ಮೇಜು ಹೋದರೆ ಚೀಲ ಹೊಲಿಯುವ ಕೆಲಸವೂ ಹೋಗುತ್ತದೆ ಎಂಬುದನ್ನು ನೆನಪಿಸುತ್ತಾಳೆ. ಅವನು ಊಟದ ತಟ್ಟೆ ಹಿಡಿದು ನಿಂತೇ ಉಣ್ಣುತ್ತಾನೆ.

ಬುಧವಾರ ಕ್ಲಬ್ಬಿನ ಕಾರ್ಯದರ್ಶಿಗಳು ಚೀಲದ ಕೋಣೆಗೆ ತಾವಾಗಿಯೇ ಬರುತ್ತಾರೆ. ಒಳ್ಳೆಯವರು, ದನಿ ಏರಿಸದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬುದು ಅವರ ಪಾಲಿಸಿ. ಬೇರೇನೂ ಬೇಡ, ಮೂರು ಸಾವಿರದ ಇನ್ನೂರರ ಮುಂದೆ ಒಂದೇ ಒಂದು ಸೊನ್ನೆ ಸೇರಿಸು, ಆ ಹೆಸರಿನ ಸಾಲು ತೆಗೆದುಬಿಡು, ಸೊನ್ನೆಗೇನು ಬೆಲೆ ಎಂದು ನಗುತ್ತಾರೆ. ಹೋಗುವಾಗ ಮೇಜಿನ ಮೇಲೆ ಕೈಯಾಡಿಸಿ, ಈ ಜಾಗಕ್ಕೆ ಬೇಡಿಕೆ ಇದೆ, ತಂಪು ಪಾನೀಯದವರು ಕೇಳುತ್ತಿದ್ದಾರೆ ಎಂದೂ ಸೇರಿಸುತ್ತಾರೆ.

ಬಾಗಿಲ ಹೊರಗೆ ನಿಂತಿದ್ದ ಉದ್ದಣ್ಣನಿಗೆ ಎಲ್ಲ ಕೇಳಿಸಿದೆ. ಕುಂಟುತ್ತ ಒಳಗೆ ಬಂದು, ಅವರು ಹೇಳಿದಂತೆ ಬರೆದುಬಿಡು ಅನ್ನುತ್ತಾನೆ. "ನಂದು ಹೆಂಗೂ ಮುಗೀತು ಮಾಮ. ನಿಂಗೆ ಮೇಜಾದ್ರೂ ಉಳೀಲಿ."

ಟಣ್ ಮಾಮ ಕೈಯಲ್ಲಿದ್ದ ಚಾಕು ಕೆಳಗಿಡುತ್ತಾನೆ, ಮತ್ತೆ ಎತ್ತಿಕೊಳ್ಳುತ್ತಾನೆ. "ನಿನಗೋಸ್ಕರ ಅಲ್ಲ ಕಣೋ. ಇವತ್ತು ಇದಕ್ಕೆ ಮೂವತ್ತೆರಡು ಸಾವಿರ ಅಂತ ಬರ್ದುಬಿಟ್ರೆ, ನಾಳೆ ನಿಜವಾಗ್ಲೂ ಮೂವತ್ತೆರಡರದ್ದು ಬಂದಾಗ ಏನು ಅಂತ ಬರೀಲಿ? ನಾನೇನು ಬೆಲೆ ಕಟ್ತೀನಾ? ಬೆಲೆ ಅದರೊಳಗೇ ಇರತ್ತೆ. ಓದಿ ಹೇಳೋದಷ್ಟೇ ನಂದು."

ಗುರುವಾರ ಬೆಳಿಗ್ಗೆ ಏಳಕ್ಕೆ ಆಡಳಿತ ಸಮಿತಿಯವರು ಈ ಜಗಳ ತೀರಿಸಲು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕ್ಯಾಡಿಗಳು ಕೆಳಗೆ, ಬಿಸಿಲಿಗೆ. ಗುತ್ತಿಗೆದಾರರು ಪೇಟೆಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ ಎಲ್ಲರೆದುರೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಹಿಡಿಯುತ್ತಾರೆ. ಕಂಪನಿ, ಮಾದರಿ, ವರ್ಷ ಹೇಳುತ್ತಾರೆ. ಮೂವತ್ತೈದು ಸಾವಿರದ ತನಕ ಕೊಡಬಹುದು ಎಂಬ ಉತ್ತರ ಬರುತ್ತದೆ. ಗುತ್ತಿಗೆದಾರರು ಫೋನು ಮುಚ್ಚಬೇಕು, ಅಷ್ಟರಲ್ಲಿ ಆ ಕಡೆಯವನು ತಾನಾಗಿ ಕೇಳುತ್ತಾನೆ, ಕತ್ತರಿಸಿಲ್ಲ ತಾನೇ, ಏನೂ ಕೆತ್ತಿಸಿಲ್ಲ ತಾನೇ ಎಂದು. ಕೆತ್ತಿಸಿದೆ ಎಂದು ಕಾರ್ಯದರ್ಶಿಗಳೇ ಹೇಳಬೇಕಾಗುತ್ತದೆ. ಉದ್ದವೂ ಕಮ್ಮಿ. ಹಾಗಾದರೆ ಎರಡೂವರೆ ಸಾವಿರ, ಅದೂ ಚೀಲ ಚೆನ್ನಾಗಿದ್ದರೆ, ಎಂದು ಫೋನು ಕಟ್ಟಾಗುತ್ತದೆ.

ನಗಲು ಯಾರಿಗೂ ಧೈರ್ಯವಿಲ್ಲ. ಕಾರ್ಯದರ್ಶಿಗಳು ಕನ್ನಡಕ ಒರೆಸಿ, ಮೂರು ಸಾವಿರದ ಇನ್ನೂರೇ ನಿಲ್ಲಲಿ ಎಂದು ಬರೆದುಕೊಳ್ಳುತ್ತಾರೆ. ಬಾಕಿಗೆ ಗುತ್ತಿಗೆದಾರರು ಅಲ್ಲೇ ಚೆಕ್ಕು ಬರೆಯುತ್ತಾರೆ, ಪೆನ್ನು ಕಾಗದ ಹರಿಯುವಷ್ಟು ಒತ್ತಿ. ಉದ್ದಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿಡುವುದೆಂದು ತಿಳಿಯದೆ ನಿಲ್ಲುತ್ತಾನೆ. ಚೀಲದ ಕೋಣೆಯ ಜಾಗದ ವಿಷಯ ಮುಂದಿನ ಸಭೆಯಲ್ಲಿ ಎಂದು ಕಾರ್ಯದರ್ಶಿಗಳು ತಗ್ಗಿದ ದನಿಯಲ್ಲಿ ಓದಿ ಪುಸ್ತಕ ಮುಚ್ಚುತ್ತಾರೆ. ಟಣ್ ಮಾಮನಿಗೆ ಅದು ಕೇಳಿಸಿದೆ.

ಗುತ್ತಿಗೆದಾರರು ಎದ್ದು ಮೆಟ್ಟಿಲ ತುದಿಗೆ ಬಂದು ನಿಲ್ಲುತ್ತಾರೆ.

"ಕೋಲಿನ ಬೆಲೆ ಹೇಳಿದೆ, ಒಪ್ಕೊಂಡ್ವಿ. ಎಲ್ಲ ಬಲ್ಲೋನಲ್ವ ನೀನು. ನನ್ನ ಹೆಸರಿಗೆ ಎಷ್ಟು? ಅದನ್ನೂ ಹೇಳ್ಬಿಟ್ಟು ಹೋಗು."

ಹದಿನೈದು ಕ್ಯಾಡಿಗಳೂ, ಕುರ್ಚಿಯ ಮೇಲಿನವರೂ ಅವನ ಬಾಯನ್ನೇ ನೋಡುತ್ತಾರೆ. ಟಣ್ ಮಾಮ ಗುತ್ತಿಗೆದಾರರ ಮುಖವನ್ನು, ಕೋಲನ್ನು ನೋಡುವಂತೆ, ಒಂದು ಗಳಿಗೆ ನೋಡುತ್ತಾನೆ. ಆಮೇಲೆ ತಿರುಗಿ, ಇಂದು ಮಧ್ಯಾಹ್ನದೊಳಗೆ ಮುಗಿಯಬೇಕಾದ ಒಂಬತ್ತು ಹಿಡಿಗಳ ಕಡೆಗೆ ನಡೆದುಬಿಡುತ್ತಾನೆ.