ಟೆರೇಸಿನ ಮೂರನೇ ಹಗ್ಗ

ಒದ್ದೆ ಚೂಡಿದಾರ ಗಂಡೋ ಹೆಣ್ಣೋ? ನಗಬೇಡಿ. ಇದೇ ಪ್ರಶ್ನೆಗೆ ಈಚೆಗೆ ನಮ್ಮ ಬಿಲ್ಡಿಂಗಿನವರು ಮುಕ್ಕಾಲು ಗಂಟೆ ಮೀಟಿಂಗ್ ಮಾಡಿದೆವು. ಟೀ, ಬಿಸ್ಕೆಟ್ ಸಮೇತ.

ಚಿಕ್ಕಲಸಂದ್ರದ ಈ ಜಾಗದಲ್ಲಿ ಹಿಂದೆ ನಮ್ಮ ಓನರ್ ಮುನಿವೆಂಕಟಪ್ಪನವರು ಸೊಪ್ಪು ಬೆಳೆಯುತ್ತಿದ್ದರು. ಈಗ ಬಾಡಿಗೆದಾರರನ್ನು ಬೆಳೆಯುತ್ತಾರೆ. ಟೆರೇಸಿನಲ್ಲಿ ಎರಡು ಹಗ್ಗ. ನೀರಿನ ಟ್ಯಾಂಕ್ ಪಕ್ಕದ್ದು ಗಂಡಸರ ಬಟ್ಟೆಗೆ. ಮೆಟ್ಟಿಲು ರೂಮಿನ ಹಿಂದೆ, ರಸ್ತೆಗೆ ಕಾಣದ ಹಾಗೆ ಕಟ್ಟಿರುವುದು ಹೆಂಗಸರ ಬಟ್ಟೆಗೆ. ಓನರ್ ತಾಯಿ ಮಾಡಿದ ರೂಲ್. ತಾಯಿ ಹೋದರು, ರೂಲ್ ಉಳಿಯಿತು. (ಹೆಂಡತಿಯ ನೈಟಿಯನ್ನು ಒಮ್ಮೆ ಟ್ಯಾಂಕ್ ಪಕ್ಕ ಹಾಕಿ ನಾನೂ ಬೈಸಿಕೊಂಡಿದ್ದೇನೆ.)

ಮೇಲಿನ ಸಿಂಗಲ್ ರೂಮಿಗೆ ಗದಗಿನ ಸುಷ್ಮಾ ಬಾಡಿಗೆಗೆ ಬಂದಳು. ಆಫೀಸೊಂದರಲ್ಲಿ ಕೆಲಸ. ತಾನು ಟ್ರಾನ್ಸ್‌ಜೆಂಡರ್ ಎಂದು ಅಡ್ವಾನ್ಸ್ ಕೊಡುವ ಮೊದಲೇ ಹೇಳಿದ್ದಳು. "ಯಾರಾದ್ರೇನಮ್ಮ, ಮೋಟರ್ ಆಫ್ ಮಾಡೋದು ಮರೀಬೇಡ" ಅಂದಿದ್ದರಂತೆ ಓನರ್. ಮೊದಲ ಭಾನುವಾರ ಅವಳು ಬಕೆಟ್ ಹಿಡಿದು ಟೆರೇಸಿಗೆ ಬರುವ ತನಕ ಎಲ್ಲ ಸರಿಯಿತ್ತು.

"ಎಲ್ಲಿ ಹಾಕ್ಲಿರಿ?" ಎಂದಳು. ಕೇಳಿದ್ದೇ ತಪ್ಪಾಯಿತು. ಮೀಟಿಂಗ್ ಶುರು.

ಕೆಳಗಿನ ಮನೆಯಲ್ಲಿ ರಿಟೈರ್ಡ್ ಬಯಾಲಜಿ ಮೇಷ್ಟ್ರಿದ್ದಾರೆ. "ಹುಟ್ಟಿದಾಗ ಬಂದ ಕ್ರೋಮೋಸೋಮ್ ಸಾಯೋವರೆಗೂ ಬದಲಾಗಲ್ಲ. ಎಕ್ಸ್‌ವೈ ಅಂದ್ರೆ ಟ್ಯಾಂಕ್ ಸೈಡು. ಇದು ನನ್ನ ಅಭಿಪ್ರಾಯ ಅಲ್ಲ, ಸೈನ್ಸು" ಎಂದರು.

"ಮನುಷ್ಯ ತನ್ನನ್ನ ಏನಂತ ತಿಳ್ಕೊಂಡಿದಾನೋ ಅದೇ ಮುಖ್ಯ ಸಾರ್" ಎಂದೆ ನಾನು. (ಅಂಕಣ ಬರೆಯುವವನು ಸುಮ್ಮನಿರುವುದು ಹೇಗೆ?)

ಸುಷ್ಮಾ ಬಕೆಟ್ ತೋರಿಸಿದಳು. "ಸರ, ಇದು ಚೂಡಿದಾರ ಐತ್ರಿ. ಇದರಾಗ ಕ್ರೋಮೋಸೋಮ್ ಇಲ್ರಿ. ನೀರಷ್ಟ ಐತಿ."

ಮೇಷ್ಟ್ರ ಹೆಂಡತಿ ವಿಮಲಮ್ಮನ ಮಾತು ಮಾತ್ರ ನನಗೆ ತಟ್ಟಿತು. "ಇಡೀ ಬಿಲ್ಡಿಂಗಲ್ಲಿ ಹೆಂಗಸರಿಗೆ ಅಂತ ಇರೋದು ಅದೊಂದು ಮೂಲೆ. ನಮ್ಮನ್ನ ಯಾರಾದ್ರೂ ಕೇಳಿದ್ರಾ?" ನಿಜ, ಯಾರೂ ಕೇಳಿರಲಿಲ್ಲ. ಕೇಳಿದ ಮೇಲೆ ಉತ್ತರ ಎರಡಾಯಿತು. "ನನ್ನ ನೈಟಿ ಪಕ್ಕ ಅವಳ ಚೂಡಿದಾರ ಒಣಗಿದ್ರೆ ನಂಗೇನು ಕಷ್ಟ?" ಅಂದಳು ನನ್ನ ಹೆಂಡತಿ. ಇಬ್ಬರೂ ಮಾತು ಬಿಟ್ಟರು.

ಓನರ್ ತಲೆ ಕೆರೆದುಕೊಂಡರು. "ಮುಂದಿನ ಭಾನುವಾರದೊಳಗೆ ಎಲ್ಲಾರೂ ಒಂದು ಮಾತಿಗೆ ಬನ್ನಿ. ಇಲ್ಲಾಂದ್ರೆ ನೀನು ಬೇರೆ ಮನೆ ನೋಡ್ಕೋ ತಾಯಿ."

ಸುಷ್ಮಾ ಮುಖ ಸಣ್ಣದಾಯಿತು. ಒಂದೇ ವರ್ಷದಲ್ಲಿ ಅವಳಿಗಿದು ನಾಲ್ಕನೇ ಮನೆ. ಬಟ್ಟೆ ಒಣಹಾಕುವ ಹಗ್ಗದ ದೆಸೆಯಿಂದ ಮನೆ ಬಿಡಬೇಕೇ? ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹಸಿರು ನೈಲಾನ್ ಹಗ್ಗ ತಂದು ಟೆರೇಸಿನ ನಟ್ಟನಡುವೆ ಕಟ್ಟಿದೆ. ಮೂರನೇ ಹಗ್ಗ! ಸುಷ್ಮಾಗೆ ಮಾತ್ರ!

ಎಲ್ಲರೂ ಒಪ್ಪಿದರು. ಮನೆ ಉಳಿಯಿತು. ಓನರ್ ನನ್ನ ಬೆನ್ನು ತಟ್ಟಿದರು. ಮೇಷ್ಟ್ರು ಸರ್ಕಾರಿ ಅರ್ಜಿಯಲ್ಲಿರುವ ಹಾಗೆ "ಇತರೆ" ಎಂದು ರಟ್ಟಿನ ಮೇಲೆ ಬರೆದು ಹಗ್ಗಕ್ಕೆ ನೇತುಹಾಕಿದರು. ವಿಮಲಮ್ಮ ಕೋಡುಬಳೆ ಕಳಿಸಿದರು. (ಸುಷ್ಮಾ ಏನಂದಳು? ಅವಳನ್ನು ಕೇಳುವುದೇ ಮರೆತುಹೋಯಿತು.)

ಆದರೆ ನಟ್ಟನಡುವೆ ಎಂದರೆ ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು. ಹಳೆಯ ಎರಡೂ ಹಗ್ಗಕ್ಕೆ ನೆರಳು. ಈ ಮೋಡದ ದಿನಗಳಲ್ಲಿ ಬಿಸಿಲು ಬಿಡುವವರುಂಟೇ? ಬುಧವಾರ "ಇತರೆ" ಹಗ್ಗಕ್ಕೆ ಮೇಷ್ಟ್ರ ಪಂಚೆ ಬಂತು. ಗುರುವಾರ ವಿಮಲಮ್ಮನ ಸೀರೆ, ಅದರ ಪಕ್ಕದಲ್ಲೇ ನನ್ನ ಹೆಂಡತಿಯ ನೈಟಿ. ಶನಿವಾರ ಓನರ್ ಟವೆಲ್ಲುಗಳು.

ಭಾನುವಾರ ಸುಷ್ಮಾ ಬಕೆಟ್ ಹಿಡಿದು ಬಂದಳು. ಹಗ್ಗವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಒಂದು ಕ್ಲಿಪ್ ಹಾಕುವಷ್ಟೂ ಜಾಗವಿರಲಿಲ್ಲ.

"ಎಲ್ಲಾರೂ ಇತರೆ ಆಗೀರಲ್ರಿ ಸರ. ಈಗ ನಾ ಎಲ್ಲಿ ಹಾಕ್ಲಿ?"

ನಾಚಿಕೆಯಾಯಿತು. ಹಗ್ಗದ ಮೇಲಿದ್ದ ನನ್ನ ಲುಂಗಿ, ಎರಡು ಬನಿಯನ್ ತೆಗೆಯಲು ಕೈ ಚಾಚಿದೆ. ಇನ್ನೂ ಹಸಿಯಾಗಿದ್ದವು.

ನೀವಾಗಿದ್ದರೆ ತೆಗೆಯುತ್ತಿದ್ದಿರಾ?