ಎರಡು ಕಾಲಿನ ಮಂಚ

ನಮ್ಮ ಅತ್ತೆಯ ಬಲಮೊಣಕಾಲಿಗೆ ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದು ಒಂದೇ ಮಾತು: ಆರು ವಾರ ನೆಲಕ್ಕೆ ಕೂಡಬಾರದು, ನೆಲದಿಂದ ಏಳಬಾರದು. ಹೇಳುವಾಗ ಅವರು ನೋಡಿದ್ದು ನನ್ನ ಹೆಂಡತಿಯ ಕಡೆಗೆ. ಬೆವರಿದ್ದು ನಾನು. ಏಕೆಂದರೆ ಆ ಆರು ವಾರ ಅತ್ತೆ ಇರಬೇಕಾದದ್ದು ನಮ್ಮ ಮನೆಯಲ್ಲಿ. ಸಾಲೋಟಗಿಯ ಆಚೆ ಅವರ ಹೊಲದ ಮನೆಯ ಸುತ್ತಮುತ್ತ ದಿನಾ ಬಂದು ಕಾಲಿಗೆ ವ್ಯಾಯಾಮ ಮಾಡಿಸುವವರು ಸಿಗುತ್ತಿರಲಿಲ್ಲ. ಬಸವನ ಬಾಗೇವಾಡಿಯಲ್ಲಿ ನಮ್ಮ ಓಣಿಯಲ್ಲೇ ಒಬ್ಬ ಫಿಜಿಯೋಥೆರಪಿಯ ಹೆಣ್ಣುಮಗಳಿದ್ದಳು. ಇಲ್ಲದ್ದೆಂದರೆ ಮಂಚ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಇಂಡಿ, ಸಿಂದಗಿ, ಮುದ್ದೇಬಿಹಾಳ ಮುಗಿಸಿ ಬಾಗೇವಾಡಿಗೆ ಬಂದಿದ್ದೇನೆ. ಒಂದೊಂದು ವರ್ಗಾವಣೆಗೂ ಬಾಡಿಗೆ ಮನೆ ಒಂದೊಂದು ಖೋಲಿ ಕಳೆದುಕೊಳ್ಳುತ್ತ, ಈಗ ಮುಂದೊಂದು ಖೋಲಿ, ಹಿಂದೊಂದು ಅಡುಗೆಮನೆ, ಅದರ ಹಿಂದೆ ಬಚ್ಚಲು ಎಂಬಲ್ಲಿಗೆ ಬಂದು ನಿಂತಿದೆ. ಮದುವೆಯಲ್ಲಿ ಅತ್ತೆಯ ಮನೆಯವರು ಕೊಟ್ಟ ಸಾಗವಾನಿ ಮಂಚ ಸಿಂದಗಿಯ ತನಕ ನಮ್ಮ ಜೊತೆ ಬಂದಿತ್ತು. ಮುದ್ದೇಬಿಹಾಳದ ಮನೆಯ ಬಾಗಿಲಲ್ಲಿ ಹಾಯುವುದಿಲ್ಲವೆಂದು ಸಿಂದಗಿಯ ಮಾಲಕರಿಗೇ ಬಿಟ್ಟು ಬಂದೆವು. ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ಒಂಬತ್ತು ವರ್ಷದಿಂದ ಯೋಚಿಸುತ್ತಿದ್ದೆ. ಅವರು ಅಪರೂಪಕ್ಕೆ ಬಂದರೆ ಒಂದು ಹೊತ್ತು ಉಂಡು, ಸಂಜೆಯೊಳಗೆ ಬಸ್ಸು ಹತ್ತುತ್ತಿದ್ದರು. ಅಷ್ಟು ಹೊತ್ತೂ ನಾನು ಅವರ ಕಣ್ಣು ಎತ್ತ ಹೋಗುತ್ತದೆಂದು ಕಾಯುತ್ತ ಕೂಡುತ್ತಿದ್ದೆ.

ಮುಂದಿನ ಖೋಲಿ ಹೆಸರಿಗಷ್ಟೇ ನನ್ನದು. ಅಲ್ಲಿ ಹೆಂಡತಿಯ ಹೊಲಿಗೆ ಮಷಿನ್ ಇದೆ. ಓಣಿಯ ಹೆಣ್ಣುಮಕ್ಕಳ ಜಂಪರುಗಳೆಲ್ಲ ಅಲ್ಲಿಯೇ ಹುಟ್ಟುತ್ತವೆ. ನೆಲದ ಮೇಲೆ ಬಟ್ಟೆ ಹರವಿ ಕತ್ತರಿಸುವ ಜಾಗ ಬಿಟ್ಟರೆ, ಇನ್ನು ಉಳಿಯುವುದು ನಾನು ಚಪ್ಪಲಿ ಕಳಚುವ ಜಾಗ. ಮಂಚ ಹಾಕಿದರೆ ಹೊಲಿಗೆ ನಿಲ್ಲುತ್ತದೆ, ಹಾಕದಿದ್ದರೆ ಮೊಣಕಾಲು. ನಾನು ಎರಡು ದಿನ ಚಿಂತೆ ಮಾಡಿದೆ. ಹೆಂಡತಿ ಹತ್ತು ನಿಮಿಷ ಫೋನು ನೋಡಿ ಒಂದು ವಿಡಿಯೋ ಹುಡುಕಿದಳು.

"ಇದನ್ನ ನೋಡ್ರಿ. ಬ್ಯಾಡಾದಾಗ ಎತ್ತಿ ಗ್ವಾಡಿಗೆ ಹಚ್ಚೂದು, ಬೇಕಾದಾಗ ಇಳಿಸೂದು. ಎತ್ತಿದಾಗ ಅದರ ಹೊಟ್ಟ್ಯಾಗಿಂದ ಹಲಗಿ ಬಿಚ್ಚಿದ್ರ ಮೇಜು. ನಾ ನಿಂತಽ ಬಟ್ಟಿ ಕತ್ತರಸ್ತೇನಿ, ನನ್ನ ನಡಾನೂ ಉಳಿತೈತಿ."

ಮುದ್ದೇಬಿಹಾಳದಲ್ಲಿದ್ದಾಗ ಪರಿಚಯವಾಗಿದ್ದ ಬಡಿಗನನ್ನು ಕರೆಸಿದೆ. ಆತ ಬಾಗಿಲು, ಕಿಟಕಿಯ ಚೌಕಟ್ಟು ಮಾಡುವವನು. ವಿಡಿಯೋವನ್ನು ಎರಡು ಸಲ ನೋಡಿದ, ಫೋನನ್ನು ಅಡ್ಡ ಹಿಡಿದು ಒಂದು ಸಲ ನೋಡಿದ.

"ಇದರಾಗೇನೈತ್ರಿ ಮಾಸ್ತರ್ರ. ನಿಂದರಿಸಿದ್ರ ಬಾಗಲಾ, ಕೆಡವಿದ್ರ ಮಂಚ."

"ಮಲಗಿದವರು ಮಲಗಿದಂಗಽ ಅದು ಮ್ಯಾಲ ಎದ್ದು ಗ್ವಾಡಿಗೆ ಹೋತಂದ್ರ?" ಎಂದು ಕೇಳಿದೆ.

"ಯಾಕ ಹೊಕ್ಕೈತ್ರಿ?"

"ಹೋತಂದ್ರ ಅಂತ ಕೇಳಿದೆ."

"ಹೋದ್ರ ನಿಮ್ಮ ಅತ್ತಿಯವರು ಗ್ವಾಡ್ಯಾಗ ಫೋಟೋ ಆಗ್ತಾರ. ಮಾಲಿ ಹಾಕಿಬಿಡ್ರಿ."

ತನ್ನ ತಾಯಿಯ ಮಾತಾದರೂ ನನ್ನ ಹೆಂಡತಿ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನನಗೆ ಆ ಫೋಟೋ ಕಣ್ಣ ಮುಂದೆಯೇ ಬಂತು.

ವಿಡಿಯೋದ ಮಂಚಕ್ಕೆ ಭಾರ ತಡೆಯಲು ಗ್ಯಾಸು ತುಂಬಿದ ಕಡ್ಡಿಗಳಿದ್ದವು. ಬಡಿಗ ಅದರ ಗೋಜಿಗೆ ಹೋಗಲಿಲ್ಲ. ತಾಳಿಕೋಟೆಯ ಪೇಟೆಯಿಂದ ಹಳೆಯ ತಕ್ಕಡಿಯ ಎರಡು ಕಬ್ಬಿಣದ ತೂಕದ ಕಲ್ಲು ತಂದು, ಬಾವಿಗೆ ಹಾಕುವಂಥ ಗಾಲಿಯ ಮೇಲೆ ಹಗ್ಗ ಹಾಯಿಸಿ, ಮಂಚ ಇಳಿದಾಗ ಕಲ್ಲು ಏರುವಂತೆ, ಮಂಚ ಏರಿದಾಗ ಕಲ್ಲು ಇಳಿಯುವಂತೆ ಕಟ್ಟಿದ. ಫೋಮಿನ ತೆಳು ಗಾದಿ ಹಾಸಿ ತೂಕ ಕೂಡಿಸಿದ್ದರಿಂದ, ಎತ್ತಲು ಇಳಿಸಲು ಒಂದು ಕೈ ಸಾಕಾಗುತ್ತಿತ್ತು. ತಲೆಯ ಕಡೆ ದಪ್ಪ ಕೀಲುಗಳಿಂದ ಗೋಡೆಗೆ ಕಚ್ಚಿಕೊಂಡಿತ್ತು. ಕಾಲ ಕಡೆ ಮಡಚುವ ಎರಡು ಕಾಲು.

"ತಲಿ ಕಡೆ ಇನ್ನೆರಡು ಕಾಲು ಹಚ್ಚೋಣಲ್ಲ?" ಎಂದೆ.

"ಮೊದಲ ಇಷ್ಟರಾಗ ನೋಡ್ರಿ. ಬೇಕಂದ್ರ ಆಮ್ಯಾಗ ಹಚ್ಚಿಕೊಡ್ತೇನಿ."

ಆತ ಹೋದ ಮೇಲೆ ಎರಡು ಚೀಲ ಜೋಳ ಇಟ್ಟು ನೋಡಿದೆ. ಒಂದು ದಿನ ಪೂರ್ತಿ ಚೀಲಗಳು ಮಲಗಿದ್ದವು, ಗೋಡೆಗೆ ಹೋಗಲಿಲ್ಲ. ಆಮೇಲೆ ನಾನು, ಕಿಟಕಿಯ ಸರಳನ್ನು ಎಡಗೈಯಲ್ಲಿ ಹಿಡಿದು, ಮಲಗಿದೆ. ಮಕ್ಕಳಿಗೆ ಸನ್ನೆಗಳ ಪಾಠ, ರಾಟೆಗಳ ಪಾಠ ಇಪ್ಪತ್ತೈದು ವರ್ಷದಿಂದ ಮಾಡುತ್ತ ಬಂದವನು ತನ್ನ ತೂಕಕ್ಕೆ ಮಂಚ ಏಳುವುದೋ ಬೀಳುವುದೋ ತಿಳಿಯದೆ ಸರಳು ಹಿಡಿದು ಮಲಗಿದ್ದನ್ನು ಯಾವ ವಿದ್ಯಾರ್ಥಿಯೂ ನೋಡಲಿಲ್ಲ, ಅದು ನನ್ನ ಪುಣ್ಯ.

ಹೀಗೆ ಎಲ್ಲ ಬಗೆಯ ಅಪಾಯಗಳನ್ನೂ ಊಹಿಸಿ ಮುಗಿಸಿದ್ದೆ. ಒಂದನ್ನು ಬಿಟ್ಟು.

ಅತ್ತೆ ಜೀಪಿನಲ್ಲಿ ಬಂದರು. ಜೊತೆಗೆ ಒಂದು ವಾಕರು, ಒಂದು ಚೀಲ ತಮ್ಮ ತೋಟದ ನಿಂಬೆಹಣ್ಣು, ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹೊಲಿದ ಮೂರು ದಪ್ಪನೆಯ ಕೌದಿ. ಫೋಮಿನ ಗಾದಿಯನ್ನು ಒತ್ತಿ ನೋಡಿ, "ಇದು ಬ್ರೆಡ್ಡಿನಂಗೈತಿ" ಎಂದು ಮಗಳಿಗೆ ಹೇಳಿ ಅದರ ಮೇಲೆ ಮೂರೂ ಕೌದಿ ಹಾಸಿಸಿಕೊಂಡರು. ಅವರು ಮುಂದಿನ ಖೋಲಿಯಲ್ಲಿ ಮಲಗುವುದು, ಹೆಂಡತಿ ಅವರ ಪಕ್ಕ ನೆಲಕ್ಕೆ, ನಾನು ಅಡುಗೆಮನೆಯಲ್ಲಿ ಗ್ಯಾಸಿನ ಸಿಲಿಂಡರಿಗೂ ಹಿಟ್ಟಿನ ಡಬ್ಬಿಗೂ ನಡುವೆ ಎಂದು ಗೊತ್ತಾಯಿತು.

ಮರುದಿನ ಸಂಜೆ ಸಾಲಿ ಬಿಟ್ಟು ಮನೆಗೆ ಬಂದೆ. ನಮ್ಮ ಕಡೆ ಗಂಡಸರು, ಒಳಗೆ ಹೆಣ್ಣುಮಕ್ಕಳಿದ್ದರೆ, ಹೊಸ್ತಿಲ ಹೊರಗೇ ಒಮ್ಮೆ ಕೆಮ್ಮುತ್ತೇವೆ. ನಾನೂ ಕೆಮ್ಮಿದೆ. ಅತ್ತೆ ಅವಸರದಿಂದ ಸೆರಗು ಎಳೆದುಕೊಳ್ಳುವಷ್ಟು ಹೊತ್ತು ಸಿಗಲೆಂದು ಇನ್ನೊಂದು ಸಲ ಕೆಮ್ಮಿದೆ. ಒಳಗೆ ಹೋದರೆ ಅತ್ತೆ ಮಂಚದ ಮಗ್ಗುಲಲ್ಲಿ ನೆಲದ ಮೇಲೆ, ಕಾಲು ಚಾಚಿ, ಗೋಡೆಗೆ ಆತು ಕೂತಿದ್ದರು. "ಮ್ಯಾಲ ಕೂಡ್ರಿ, ಮ್ಯಾಲ ಕೂಡ್ರಿ" ಎನ್ನುತ್ತ ನಾನು ಅಡುಗೆಮನೆಗೆ ಓಡಿದೆ. ಆಗ ನೆನಪಾಯಿತು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಅತ್ತೆ ನನ್ನೆದುರು ಮಂಚದ ಮೇಲಾಗಲಿ ಕುರ್ಚಿಯ ಮೇಲಾಗಲಿ ಕೂತದ್ದನ್ನು ನಾನು ಕಂಡಿಲ್ಲ. ಅಳಿಯನೆದುರು ಅತ್ತೆ ಮೇಲೆ ಕೂಡುವುದಿಲ್ಲ. ನನ್ನ ಜೊತೆ ನೇರವಾಗಿ ಮಾತಾಡಿದ್ದೂ ಇಲ್ಲ. "ಉಂಡರೇನು ಕೇಳು" ಎಂದು ಮಗಳಿಗೆ ಹೇಳುತ್ತಾರೆ, ನಾನು ಮಗಳಿಗೆ "ಉಂಡೆ" ಎನ್ನುತ್ತೇನೆ.

ನನ್ನಿಂದ ತೊಂದರೆ ಆಗಬಾರದೆಂದು ನಾನು ಇನ್ನಷ್ಟು ಜಾಗರೂಕನಾದೆ. ಓಣಿಯ ಮೂಲೆಯಿಂದಲೇ ಕೆಮ್ಮಲು ಶುರು ಮಾಡಿದೆ. ಚಪ್ಪಲಿ ಸಪ್ಪಳ ಮಾಡಿದೆ. ಬಾಗಿಲಲ್ಲಿ ನಿಂತು ಇಲ್ಲದ ಫೋನಿನಲ್ಲಿ ಮಾತಾಡಿದೆ. ಮಧ್ಯಾಹ್ನ ಊಟಕ್ಕೊಮ್ಮೆ, ಸಂಜೆಗೊಮ್ಮೆ, ಹಾಲು ತರಲು ಹೋಗಿ ಬಂದರೊಮ್ಮೆ. ಅಡುಗೆಮನೆಯಿಂದ ಹೊರಗೆ ಬರಬೇಕಾದರೂ ಕೆಮ್ಮಿದೆ.

ಹತ್ತನೆಯ ದಿನ ಫಿಜಿಯೋಥೆರಪಿಯ ಹುಡುಗಿ ಮೊಣಕಾಲು ಮುಟ್ಟಿ ಮುಖ ಗಂಟಿಕ್ಕಿದಳು.

"ಅಜ್ಜಿ, ನೀವು ನೆಲಕ್ಕ ಕೂಡಾಕತ್ತೀರಿ. ಖರೇ ಹೇಳ್ರಿ."

"ಇಲ್ಲವಾ, ಮ್ಯಾಲಽ ಇರ್ತೇನಿ."

"ಮತ್ತ ಇಷ್ಟ್ಯಾಕ ಬಾತೈತಿ? ಹಿಂಗಽ ನಡದ್ರ ಕಾಲು ಸೆಟದು ಉಳಿತೈತಿ. ನಿಂಬಿ ತೋಟದ ಬದುವು ಹತ್ತಿ ಇಳಿಯೂದು ಮರತಬಿಡ್ರಿ."

ಅತ್ತೆಯ ಮುಖ ಸಣ್ಣದಾಯಿತು. ತೋಟದಲ್ಲಿ ಸಾಲು ಸಾಲು ಅಡ್ಡಾಡಿ ಬರದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಆಪರೇಷನ್ನಿಗೆ ಒಪ್ಪಿದ್ದೇ ಅದಕ್ಕಾಗಿ. ಆ ಹುಡುಗಿ ಹೋದ ಮೇಲೆ ಮಗಳಿಗೆ ಹೇಳಿದರು: "ಸೋಮವಾರ ಜೀಪು ಕಳಸು ಅಂತ ನಿನ್ನ ತಮ್ಮಗ ಫೋನ್ ಹಚ್ಚು. ಆಗೂದು ಅಲ್ಲೇ ಆಗ್ಲಿ."

ಹೆಂಡತಿ ಅಡುಗೆಮನೆಗೆ ಬಂದು ನನ್ನೆದುರು ನಿಂತಳು.

"ನಿಮಗ ಕೆಮ್ಮೇನಾಗೈತ್ರಿ?"

"ಕೆಮ್ಮಿಲ್ಲ. ಅತ್ತಿಯವರಿಗೆ ಗೊತ್ತಾಗಲಿ ಅಂತ—"

"ಗೊತ್ತಾಕ್ಕೈತಿ. ನೀವು ಕೆಮ್ಮಿದಾಗೊಮ್ಮೆ ನಮ್ಮವ್ವ ಮಂಚಾ ಇಳೀತಾಳ. ನಿನ್ನೆ ಎಂಟು ಸಲ ಕೆಮ್ಮೀರಿ. ಎಂಟು ಸಲ ಇಳದಾಳ, ಎಂಟು ಸಲ ನಾ ಎಬ್ಬಿಸೇನಿ. ಡಾಕ್ಟರು ಜೋಡಿಸಿದ ಮೊಣಕಾಲು ನೀವು ಕೆಮ್ಮಿ ಕೆಮ್ಮಿ ಬಿಚ್ಚಾಕತ್ತೀರಿ."

ನಾನು ಜೀವನದಲ್ಲಿ ಮಾಡಿದ ತಪ್ಪುಗಳೆಲ್ಲ ಹೆಚ್ಚು ಕಡಿಮೆ ಇದೇ ಜಾತಿಯವು. ಕಾಳಜಿ ತೋರಿಸಲು ಹೋಗಿ ಮಾಡಿದವು.

ಮರುದಿನದಿಂದ ಕೆಮ್ಮು ನಿಲ್ಲಿಸಿದೆ. ಸಾಲಿ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು, ಮನಗೂಳಿಯ ಕಡೆ ಹೋಗುವ ಬಸ್ಸುಗಳನ್ನು ಬೀಳ್ಕೊಡುತ್ತ ಒಂದು ತಾಸು ಕಳೆಯತೊಡಗಿದೆ. ಆದರೆ ಎಷ್ಟೆಂದು ಕೂಡುವುದು. ಶನಿವಾರ ಹೊತ್ತು ಮುಳುಗುವಾಗ ಮನೆಗೆ ಬಂದೆ. ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳಿಲ್ಲದೆ ಒಳಗೆ ಕಾಲಿಟ್ಟೆ. ಹೆಂಡತಿ ಹೊಲಿದ ಜಂಪರು ಕೊಡಲು ಹಿಂದಿನ ಓಣಿಗೆ ಹೋಗಿದ್ದಳು. ಬಟ್ಟೆ ಕತ್ತರಿಸಿ ಮುಗಿಸಿದ್ದಳಾದರೂ ಮಂಚ ಇನ್ನೂ ಗೋಡೆಗೇ ಇತ್ತು. ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದರು. ಕಳ್ಳನಂತೆ ಬಂದ ಅಳಿಯನನ್ನು ಕಂಡು ಗಡಬಡಿಸಿ ವಾಕರು ಹಿಡಿದು ಎದ್ದು, ನಾಲ್ಕು ಹೆಜ್ಜೆ ಆಚೆ ಸರಿದು, ನೆಲಕ್ಕೆ ಇಳಿಯಲು ನೋಡಿದರು.

"ಬ್ಯಾಡ್ರಿ, ಬ್ಯಾಡ್ರಿ" ಎಂದೆ. ಬೇಗ ಮಂಚ ಇಳಿಸಿಕೊಟ್ಟು ಹಿಂದಕ್ಕೆ ಹೋಗಿಬಿಡೋಣವೆಂದು ಅದರ ಚಿಲಕ ತೆಗೆದೆ.

ದಿನಾ ಮಂಚ ಇಳಿಸುತ್ತಿದ್ದವಳು ಹೆಂಡತಿ. ಎತ್ತಿದ ಮೇಲೆ ಮಂಚಕ್ಕೂ ಗೋಡೆಗೂ ನಡುವೆ ತುರುಕಿ ಪಟ್ಟಿ ಬಿಗಿದು ಇಟ್ಟ ಮೂರು ಕೌದಿಗಳನ್ನು ಅವಳು ಮೊದಲು ಸಂದಿಯಿಂದ ಒಂದೊಂದಾಗಿ ಎಳೆದು, ಆಮೇಲೆ ಇಳಿಸುತ್ತಿದ್ದಳು. ತೂಕದ ಕಲ್ಲು ಫೋಮಿನ ಗಾದಿಗೆ ಸರಿಯಾದದ್ದು, ಕೌದಿಗಳಿಗಲ್ಲ ಎಂಬ ವಿಜ್ಞಾನ ಅವಳಿಗೆ ಮೊದಲ ದಿನವೇ ತಿಳಿದಿತ್ತು. ನನಗೆ ತಿಳಿದದ್ದು ಮಂಚ ಮೈಮೇಲೆ ಬಂದಾಗ. ಎರಡೂ ಕೈಯಿಂದ ಹಿಡಿದೆ. ಮಂಚ ಮೆಲ್ಲಗೇ ಇಳಿಯಿತು. ಆದರೆ ಇಳಿಯುವ ಹೊತ್ತಿಗೆ ನನ್ನ ನಡದಲ್ಲಿ ಏನೋ ಕಟಕ್ಕೆಂದಿತು. ಬಗ್ಗಿದವನು ಏಳಲಾಗದೆ ಹಾಗೇ ಕೌದಿಗಳ ಮೇಲೆ ಮಗುಚಿಕೊಂಡೆ.

ಮಾತಾಡಿಸಲು ನಡುವೆ ಮಗಳಿಲ್ಲ. ಅತ್ತೆ ಹೊಲಿಗೆ ಮಷಿನ್ನಿನ ಕಡೆ ನೋಡಿ ಕೇಳಿದರು:

"ಎಲ್ಲಿ ಹಿಡದೈತಂತ?"

ನಾನು ಮೇಲಿನ ಗಾಲಿಗೆ ಹೇಳಿದೆ: "ನಡದಾಗ."

ಹಿರಿಯರು ನಿಂತಿರುವಾಗ ನಾನು ಮಲಗಿರುವುದು ಹೇಗೆಂದು ಮೊಣಕೈ ಊರಿ ಏಳಲು ನೋಡಿದೆ. ಅರ್ಧಕ್ಕೇ ನಿಂತಿತು. "ಏಳಬ್ಯಾಡಂತ ಹೇಳು" ಎಂದರು ಮಷಿನ್ನಿಗೆ.

ಮಂಚ ಇಳಿದರೆ ಖೋಲಿ ತುಂಬುತ್ತದೆ. ಕುರ್ಚಿ ಮಂಚದ ಆಚೆ ಬಾಗಿಲ ಹತ್ತಿರ ಉಳಿದಿತ್ತು, ಅತ್ತೆ ಈಚೆ ಉಳಿದಿದ್ದರು. ವಾಕರು ಹಿಡಿದು ಅವರು ನಿಲ್ಲಬಹುದಾದದ್ದು ಹೆಚ್ಚೆಂದರೆ ಐದು ನಿಮಿಷ. ನೆಲಕ್ಕೆ ಕೂತರೆ ಎಬ್ಬಿಸುವವರಿಲ್ಲ. ಅವರ ಕಾಲು ನಡುಗತೊಡಗಿದ್ದು ವಾಕರಿನ ಸಪ್ಪಳದಿಂದ ನನಗೆ ಕೇಳುತ್ತಿತ್ತು. ಅವರು ಬಗ್ಗಿ ಮಂಚದ ಅಡಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದಕ್ಕ ಕಾಲು ಎಷ್ಟದಾವ್ರಿ?"

ಕೇಳಿದ್ದು ನನ್ನನ್ನೇ ಎಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು.

"ಎರಡಽ ಅದಾವ್ರಿ."

"ಎರಡ ಕಾಲಿಂದು ಮಂಚ ಹೆಂಗಾಕ್ಕೈತ್ರಿ. ಬಾಗಲಾ ಬಿದ್ದೈತಿ ಅಷ್ಟಽ."

ಹೀಗೆ ತೀರ್ಪು ಹೇಳಿ, ನನಗೆ ಬೆನ್ನು ಮಾಡಿ, ಕಾಲ ಕಡೆಯ ಅಂಚಿನಲ್ಲಿ ಕೂತರು. ದೊಡ್ಡದೊಂದು ಉಸಿರು ಬಿಟ್ಟರು. ನಾನು ಮೊದಲು ಕೀಲುಗಳ ಕಡೆ ನೋಡಿದೆ. ಇಬ್ಬರ ತೂಕದ ಲೆಕ್ಕ ಹಾಕಿರಲಿಲ್ಲ. ಅವು ಸುಮ್ಮನಿದ್ದವು.

ತಿರುಗದೆಯೇ ಅತ್ತೆ ಹೇಳಿದರು: "ನಾವು ಕೊಟ್ಟ ಮಂಚ ಸಿಂದಗ್ಯಾಗ ಬಿಟ್ಟೀರಿ."

ನಡದ ನೋವು ಒಂದು ಕ್ಷಣ ಮರೆತೇಹೋಯಿತು. "ಯಾರು ಹೇಳಿದ್ರಿ?"

"ಯಾರು ಹೇಳಬೇಕ್ರಿ. ಬಂದಾಗೊಮ್ಮೆ ನನ್ನ ಕಣ್ಣ ನೋಡ್ಕೋತ ಕುಂಡ್ರತೀರಿ. ಸಾಮಾನ ಕಳಕೊಂಡವರು ಹಂಗಽ ನೋಡ್ತಾರ."

"ಸಿಟ್ಟು ಬಂದಿತ್ತೇನ್ರಿ?"

"ಬಂದಿತ್ತು. ಸಾಗವಾನಿ ಅದು." ಕೌದಿಯ ಅಂಚು ಸರಿಮಾಡುತ್ತ ಹೇಳಿದರು: "ಅದಿದ್ದಿದ್ರ ಈಗ ಏನ್ ಮಾಡೂದಿತ್ರಿ. ನಾಕ ಕಾಲಿಂದು. ನಾ ಕೂಡ್ತಿದ್ದಿಲ್ಲ."

ಹೆಂಡತಿ ಬಂದು ಬಾಗಿಲಲ್ಲೇ ನಿಂತಳು. ಒಂದು ತುದಿಯಲ್ಲಿ ತಾಯಿ, ಇನ್ನೊಂದು ತುದಿಯಲ್ಲಿ ಗಂಡ. "ಒಬ್ಬರದು ಕಾಲು, ಒಬ್ಬರದು ನಡ. ನಾ ಜಂಪರ ಹೊಲೀಲ್ಯೋ, ನಿಮ್ಮನ್ನ ಹೊಲೀಲ್ಯೋ?" ಎಂದಳು.

"ಜೀಪಿಗೆ ಫೋನ್ ಹಚ್ಚಬ್ಯಾಡ" ಎಂದರು ಅತ್ತೆ.

ನಾಲ್ಕು ದಿನ ನನಗೂ ಫಿಜಿಯೋಥೆರಪಿಯ ಹುಡುಗಿ ವ್ಯಾಯಾಮ ಮಾಡಿಸಿದಳು. ಅತ್ತೆ ಇನ್ನೂ ಒಂದು ತಿಂಗಳು ಇದ್ದರು. ನಾನು ಬಂದರೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಇಳಿಯುತ್ತಿರಲಿಲ್ಲ. ಬಾವು ಇಳಿಯಿತು. ಹೋಗುವ ದಿನ ಬರೀ ಒಂದು ಬಡಿಗೆ ಹಿಡಿದು ಜೀಪಿನ ತನಕ ನಡೆದರು. ಈಗ ನಿಂಬೆಯ ಸಾಲುಗಳಲ್ಲಿ ಎರಡು ಹೊತ್ತು ಅಡ್ಡಾಡುತ್ತಾರಂತೆ.

ಕಳೆದ ತಿಂಗಳು ಕಾಲು ತೋರಿಸಲೆಂದು ಅತ್ತೆ ಬಂದ ದಿನವೇ, ಕೌದಿಗಳ ಲೆಕ್ಕಕ್ಕೆ ಇನ್ನೊಂದು ತೂಕದ ಕಲ್ಲು ಕಟ್ಟಲು ಬಡಿಗನೂ ಬಂದ. ನನ್ನ ಚಿಂತೆ ನೆನಪಿಟ್ಟುಕೊಂಡು, ತಲೆಯ ಕಡೆಗೆಂದು ಎರಡು ಕಾಲು ಮಾಡಿ ತಂದಿದ್ದ. ಗಟ್ಟಿಮುಟ್ಟಾದ ಬೇವಿನ ಕಾಲು. ನನಗೆ ಎಷ್ಟು ಸಮಾಧಾನವಾಯಿತೆಂದರೆ ತಿರುಪು ಬಿಗಿಯಲು ನಾನೇ ಬಗ್ಗಿದೆ.

"ಮಾಸ್ತರ್ರ" ಎಂದರು ಅತ್ತೆ ಮಂಚದ ಮೇಲಿಂದ. "ಅವನ್ನ ಹಚ್ಚಬ್ಯಾಡ್ರಿ."

ಹಚ್ಚಲಿಲ್ಲ. ಆ ಕಾಲುಗಳು ಮೂಲೆಯಲ್ಲಿ ನಿಂತಿವೆ. ಹೆಂಡತಿ ಅವಕ್ಕೆ ಜರತಾರಿ ಅಂಚು ಸುತ್ತಿಡುತ್ತಾಳೆ. ಅತ್ತೆ ಬರುತ್ತಾರೆಂದು ಫೋನು ಬಂದರೆ ನಾನು ಕೀಲಿನ ತಿರುಪುಗಳನ್ನೆಲ್ಲ ಒಮ್ಮೆ ಬಿಗಿದು, ಜೋಳದ ಎರಡು ಚೀಲಗಳನ್ನು ಒಂದು ಮಧ್ಯಾಹ್ನ ಮಲಗಿಸಿ ನೋಡುತ್ತೇನೆ.